ಹಳೆಯ ಟೈರಿನ ಖರ್ಚು ಯಾರ ಖಾತೆಗೆ?

ಹೊಸ ಟೈರು ಕೊಳ್ಳುವಾಗ ನಾವು ಅದರ ಬೆಲೆ ಕೊಡುತ್ತೇವೆ, ಸರಕಾರದ ತೆರಿಗೆಯನ್ನೂ ಕೊಡುತ್ತೇವೆ. ಇದಲ್ಲದೆ, ಕೆಲವು ವರ್ಷಗಳ ತರುವಾಯ ಅದೇ ಟೈರು ಸವೆದು ಕೆಲಸಕ್ಕೆ ಬಾರದಂತಾದಾಗ ಅದನ್ನು ನೆಲ, ನೀರು, ಗಾಳಿಗಳಿಗೆ ಕೇಡಾಗದ ಹಾಗೆ ವಿಲೇವಾರಿ ಮಾಡುವ ಖರ್ಚನ್ನೂ ಈಗಲೇ ಕೊಡಿರೆಂದು ಅಂಗಡಿಯವನು ಕೇಳಿದರೆ ನಾವು ಏನೆನ್ನಬೇಕು? ಇದು ನ್ಯಾಯವೇ, ಅಥವಾ ಜೇಬಿಗೆ ಇನ್ನೊಂದು ಕತ್ತರಿಯೇ? ಅನೇಕ ದೇಶಗಳಲ್ಲಿ ಹೀಗೆ ಕೇಳುತ್ತಾರೆ. ಬಿಲ್ಲಿನಲ್ಲಿ ಅದಕ್ಕೆಂದು ಬೇರೆ ಸಾಲೇ ಇರುವುದುಂಟು. ನಮ್ಮ ದೇಶದಲ್ಲಿ ಬೇರೆ ಸಾಲಿಲ್ಲ. ಆದರೆ 2022ರಿಂದ ಆ ಖರ್ಚನ್ನು ಟೈರು ಮಾಡುವವರ ಮೇಲೆ ಹೊರಿಸುವ ಕಾನೂನಿದೆ. ಮಾಡುವವನ ಮೇಲೆ ಬಿದ್ದದ್ದು ಕೊಳ್ಳುವವನ ತನಕ ಹರಿದು ಬರುವುದು ಲೋಕರೂಢಿ.

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಟ್ಯಾಕ್ಸಿ, ರಿಕ್ಷಾ ನಡೆಸುವವರಿದ್ದಾರೆ. ಲಾರಿ ಆಫೀಸಿನ ಗುಮಾಸ್ತರಿದ್ದಾರೆ. ಸ್ಕೂಟರಿನ ಮೇಲೆ ಮನೆಮನೆಗೆ ಸಾಮಾನು ಮುಟ್ಟಿಸುವ ಹುಡುಗರಿದ್ದಾರೆ. ಇವರ ಅನ್ನ ಟೈರಿನ ಮೇಲೆಯೇ ಉರುಳುತ್ತಿದೆ. ಆದುದರಿಂದ ಈ ವಿಷಯವನ್ನು ಮೊದಲಿನಿಂದ ಬಿಡಿಸಿ ಹೇಳುವುದು ಅವಶ್ಯವೆಂದು ನಮಗೆ ತೋರಿತು.

ಸವೆದರೂ ಸಾಯದ ವಸ್ತು

ಟೈರೆಂದರೆ ಬರೀ ರಬ್ಬರಲ್ಲ. ಅದರಲ್ಲಿ ಮರದ ಹಾಲಿನಿಂದ ಬಂದ ರಬ್ಬರಿದೆ, ಪೆಟ್ರೋಲಿಯಂನಿಂದ ಮಾಡಿದ ಕೃತಕ ರಬ್ಬರಿದೆ, ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಮಸಿಯಿದೆ, ಉಕ್ಕಿನ ತಂತಿಯಿದೆ, ಗಂಧಕ ಮತ್ತು ಸತುವಿನ ಆಕ್ಸೈಡ್ ಇವೆ. ಒಳಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಯ ಬಟ್ಟೆಯಿದೆ. ಗಿರಣಿಯವರಾದ ನಮಗೆ ಟೈರ್ ಕಾರ್ಡ್ ಎಂಬ ಅದರ ಹೆಸರು ಹೊಸದೇನಲ್ಲ.

ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದನ್ನು ಗಂಧಕದೊಡನೆ ಕಾಯಿಸಿದರೆ ಈ ದೋಷ ಹೋಗುವುದೆಂದು ಕಂಡುಕೊಂಡನು. ಸಡಿಲವಾಗಿ ಬಿದ್ದಿರುವ ನೂಲಿನ ಎಳೆಗಳನ್ನು ಅಲ್ಲಲ್ಲಿ ಗಂಟು ಹಾಕಿ ಬಿಗಿದರೆ ಹೇಗೋ, ಗಂಧಕವು ರಬ್ಬರಿನ ಕಣಗಳ ಸರಪಳಿಗಳನ್ನು ಹಾಗೆ ಬಿಗಿಯುತ್ತದೆ. ಟೈರಿನ ಗಟ್ಟಿತನವೆಲ್ಲ ಈ ಗಂಟಿನಲ್ಲಿದೆ. ಅದರ ಪೀಡೆಯೂ ಈ ಗಂಟಿನಲ್ಲೇ ಇದೆ. ಗಿರಣಿಯ ಹತ್ತಿ ವೇಸ್ಟನ್ನು ಮತ್ತೆ ನೂಲಬಹುದು. ಕಬ್ಬಿಣದ ಚೂರನ್ನು ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಟೈರನ್ನು ಕಾಯಿಸಿದರೆ ಅದು ಕರಗಿ ಹೊಸ ರಬ್ಬರಾಗುವುದಿಲ್ಲ, ಸುಡುತ್ತದೆ. ಮಣ್ಣಿನಲ್ಲಿ ಹೂತರೆ ಕೊಳೆಯುವುದಿಲ್ಲ; ಒಳಗೆ ಸಿಕ್ಕಿದ ಗಾಳಿಯ ದೆಸೆಯಿಂದ ಕ್ರಮೇಣ ಮೇಲಕ್ಕೆ ಎದ್ದು ಬರುವುದೂ ಉಂಟು. ಯುರೋಪಿಯನ್ ಒಕ್ಕೂಟದ ದೇಶಗಳು 2003ರಿಂದ ಇಡೀ ಟೈರುಗಳನ್ನೂ 2006ರಿಂದ ಚೂರು ಮಾಡಿದ ಟೈರುಗಳನ್ನೂ ಕಸದ ಹೊಂಡಕ್ಕೆ ಹಾಕಕೂಡದೆಂದು ನಿಷೇಧಿಸಿದುದು ಸುಮ್ಮನೆ ಅಲ್ಲ.

ರಾಶಿ ಬಿದ್ದ ಟೈರಿನಿಂದ ಬರುವ ಮೊದಲನೆಯ ಕೇಡು ಸೊಳ್ಳೆ. ಟೈರನ್ನು ಹೇಗೆ ಇಟ್ಟರೂ ಅದರ ಹೊಟ್ಟೆಯೊಳಗೆ ಮಳೆಯ ನೀರು ಸ್ವಲ್ಪವಾದರೂ ನಿಲ್ಲುತ್ತದೆ. ಡೆಂಗೂ ಮತ್ತು ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು; ನೆರಳೂ ಇದೆ, ಬೆಚ್ಚಗೂ ಇದೆ. ನೀರು ಆರಿದರೂ ಅದರ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಕುಳಿತಿದ್ದು ಮತ್ತೆ ನೀರು ಬಿದ್ದೊಡನೆ ಜೀವ ತಳೆಯುತ್ತದೆ. 1985ರಲ್ಲಿ ಏಷ್ಯಾದ ಪಟ್ಟೆ ಸೊಳ್ಳೆಯೊಂದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ನೆಲೆಯೂರಿದ್ದು ಕಂಡುಬಂದಿತು. ಅದು ಸಮುದ್ರ ದಾಟಿ ಹೋದದ್ದು ಹಳೆಯ ಟೈರುಗಳ ಸರಕಿನಲ್ಲಿ. ಹಾಗಿರುವಾಗ ನಮ್ಮ ಚಾಳಿನ ತಗಡಿನ ಮಾಡಿನ ಮೇಲೆ ಭಾರಕ್ಕೆಂದು ಹೇರಿದ ಟೈರಿನಿಂದ ಕೆಳಗಿನ ಖೋಲಿಗೆ ಬರಲು ಸೊಳ್ಳೆಗೆ ಎಷ್ಟು ಹೊತ್ತು?

ಎರಡನೆಯ ಕೇಡು ಬೆಂಕಿ. ಟೈರಿನಲ್ಲಿರುವ ಕಾವು ಒಳ್ಳೆಯ ಕಲ್ಲಿದ್ದಲಿಗೆ ಕಡಿಮೆಯದಲ್ಲ. ರಾಶಿಗೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸುವುದು ಬಹಳ ಕಷ್ಟ, ಏಕೆಂದರೆ ಪ್ರತಿಯೊಂದು ಟೈರಿನ ಪೊಳ್ಳಿನಲ್ಲಿ ಗಾಳಿ ಇದ್ದೇ ಇರುತ್ತದೆ. ಕಪ್ಪು ಹೊಗೆಯಲ್ಲಿ ಬೆಂಜೀನ್ ಮುಂತಾದ ವಿಷವಸ್ತುಗಳು ಹೊರಡುತ್ತವೆ. ಟೈರು ಬೆಂದು ಸುರಿದ ಎಣ್ಣೆ ನೆಲಕ್ಕೂ ಹಳ್ಳಕ್ಕೂ ಇಳಿಯುತ್ತದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ನೈಟನ್ ಊರಿನ ಬಳಿ 1989ರಲ್ಲಿ ಹತ್ತಿದ ಟೈರುರಾಶಿಯ ಬೆಂಕಿ ಹತ್ತು ವರ್ಷಕ್ಕೂ ಮೀರಿ ಒಳಗೊಳಗೇ ಉರಿಯುತ್ತಿತ್ತು.

ಗುಜರಿಯವನು ಹಣ ಕೊಡುವಾಗ ನಾವೇಕೆ ಕೊಡಬೇಕು?

ಇಲ್ಲಿ ಒಬ್ಬ ಜಾಣ ವಾಚಕರು ಕೇಳಬಹುದು: “ಅದೆಲ್ಲ ಶ್ರೀಮಂತ ದೇಶಗಳ ಕಥೆ ಸ್ವಾಮಿ. ನಮ್ಮಲ್ಲಿ ಹಳೆಯ ಟೈರು ಕಸವೇ ಅಲ್ಲ. ಊರಲ್ಲಿ ಗುಜರಿಯವನು, ಮುಂಬಯಿಯಲ್ಲಿ ಭಂಗಾರವಾಲಾ, ದಿಲ್ಲಿಯಲ್ಲಿ ಕಬಾಡಿ—ಎಲ್ಲರೂ ನಮಗೇ ಹಣ ಕೊಟ್ಟು ಒಯ್ಯುತ್ತಾರೆ. ಮತ್ತೆ ನಾವು ಕೊಡುವುದೇನು?”

ಪ್ರಶ್ನೆ ಸರಿಯಾಗಿದೆ. ನಮ್ಮವರು ಟೈರನ್ನು ಸುಲಭವಾಗಿ ಬಿಸಾಡುವವರಲ್ಲ. ಲಾರಿ ಟೈರಿಗೆ ಹೊಸ ಪಟ್ಟಿ ಹಾಕಿಸಿ ಮತ್ತೆ ಓಡಿಸುತ್ತಾರೆ. ಇದಕ್ಕೆ ರಿಟ್ರೆಡಿಂಗ್ ಎಂದೂ ರಿಸೋಲು ಎಂದೂ ಹೆಸರು. ಅದೂ ಸವೆದರೆ ಚಪ್ಪಲಿಯ ಅಟ್ಟೆಯಾಗುತ್ತದೆ, ದೋಣಿಯ ಮಗ್ಗುಲಿಗೆ ಕಟ್ಟುವ ಮೆತ್ತೆಯಾಗುತ್ತದೆ. ಇವೆಲ್ಲ ಒಳ್ಳೆಯ ಉಪಯೋಗಗಳೇ. ಆದರೆ ಇಷ್ಟರಿಂದ ದೇಶದ ಟೈರೆಲ್ಲ ಮುಗಿಯುವುದಿಲ್ಲ. ಉಳಿದದ್ದು ಎಲ್ಲಿಗೆ ಹೋಗುತ್ತದೆ? ಹೆಚ್ಚು ಬೆಲೆ ಕೊಟ್ಟವನಲ್ಲಿಗೆ ಹೋಗುತ್ತದೆ. ಹೊಗೆಗೆ, ಕೊಳಕು ನೀರಿಗೆ, ಕೆಲಸಗಾರರ ಕೆಮ್ಮಿಗೆ ಒಂದು ಕಾಸೂ ಖರ್ಚು ಮಾಡದವನಿಗೆ ಹೆಚ್ಚು ಬೆಲೆ ಕೊಡುವುದು ಸುಲಭ.

ಹೀಗೆ ಟೈರು ಕೊಳ್ಳುವವರಲ್ಲಿ ಪೈರೋಲಿಸಿಸ್ ಕಾರಖಾನೆಗಳು ಮುಖ್ಯವಾದವು. ಟೈರಿನ ಚೂರುಗಳನ್ನು ಗಾಳಿಯಾಡದ ಪಾತ್ರೆಯಲ್ಲಿ ಕಾಯಿಸಿ ಉರುವಲು ಎಣ್ಣೆ, ಮಸಿ, ಉಕ್ಕಿನ ತಂತಿ ಇವನ್ನು ತೆಗೆಯುವ ಕೆಲಸ ಅದು. ಒಳ್ಳೆಯ ಯಂತ್ರವಿಟ್ಟು ನಡೆಸಿದರೆ ಕೆಟ್ಟ ಕಸುಬಲ್ಲ. ಹಾಗೆ ನಡೆಸದಿದ್ದರೆ ಸುತ್ತಣ ಊರಿಗೆ ಮಸಿ ಮಳೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿ ಇಟ್ಟ ಲೆಕ್ಕದ ಪ್ರಕಾರ 19 ರಾಜ್ಯಗಳಲ್ಲಿ ಇಂಥ 637 ಘಟಕಗಳಿದ್ದವು. ಅವುಗಳಲ್ಲಿ ನಿಯಮ ಪಾಲಿಸುತ್ತಿದ್ದವು 251, ಪಾಲಿಸದವು 270, ಮುಚ್ಚಿದ್ದವು 116. ಇವಲ್ಲದೆ ಇಟ್ಟಿಗೆ ಗೂಡಿಗೆ, ಕೆಲವು ಕಡೆ ಆಲೆಮನೆಯ ಒಲೆಗೆ ಕೂಡ ಟೈರಿನ ಚೂರು ಹಾಕುತ್ತಾರೆಂಬ ದೂರು ನಮ್ಮ ಕಬ್ಬಿನ ಸೀಮೆಯಿಂದಲೂ ಕೇಳಿಬಂದಿದೆ. ಬೆಲ್ಲ ಅಗ್ಗವಾಗಬಹುದು, ಉಸಿರು ಅಗ್ಗವಲ್ಲ.

ಲೆಕ್ಕ ಬರೆಯುವವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಖರ್ಚನ್ನು ಒಂದು ಖಾತೆಯಲ್ಲಿ ಬರೆಯದೆ ಬಿಟ್ಟ ಮಾತ್ರಕ್ಕೆ ಅದು ಮಾಯವಾಗುವುದಿಲ್ಲ. ಇನ್ನೊಂದು ಖಾತೆಯಲ್ಲಿ ಬಂದು ಕೂರುತ್ತದೆ. ಟೈರು ಕೊಂಡವನೂ ಕೊಡಲಿಲ್ಲ, ಮಾಡಿದವನೂ ಕೊಡಲಿಲ್ಲ, ಸುಟ್ಟವನೂ ಕೊಡಲಿಲ್ಲವೆಂದರೆ ಆ ಖರ್ಚು ಕಾರಖಾನೆಯ ಮಗ್ಗುಲಲ್ಲಿ ಗುಡಿಸಲು ಹಾಕಿಕೊಂಡವರ ಔಷಧಿಯ ಬಿಲ್ಲಾಗಿ, ಚಾಳಿನ ಮಗುವಿನ ಡೆಂಗೂ ಜ್ವರವಾಗಿ ಬರುತ್ತದೆ. ಮೋಟಾರು ಹತ್ತದವರೂ ಅದನ್ನು ತೆರುತ್ತಾರೆ. ಆದುದರಿಂದ ಈ ಹಣವನ್ನು ಕೊಡಬೇಕೇ ಬೇಡವೇ ಎಂದು ವಾದಿಸಿ ಫಲವಿಲ್ಲ. ಯಾರು, ಯಾವಾಗ ಕೊಡಬೇಕು, ಕೊಟ್ಟ ಹಣ ಎಲ್ಲಿಗೆ ಹೋಗಬೇಕು ಎಂಬುದಷ್ಟೇ ವಿಚಾರಿಸತಕ್ಕದ್ದು.

ಕೊಳ್ಳುವಾಗಲೋ, ಬಿಸಾಡುವಾಗಲೋ?

ಮೊದಲು ‘ಯಾವಾಗ’ ಎಂಬುದನ್ನು ನೋಡೋಣ. ಮೇಲುನೋಟಕ್ಕೆ, ಬಿಸಾಡುವಾಗ ಕೊಡುವುದೇ ಸರಿಯೆಂದು ಕಾಣುತ್ತದೆ. ಕೆಲಸ ಮಾಡಿಸಿಕೊಂಡಾಗ ಕೂಲಿ ಕೊಟ್ಟ ಹಾಗೆ. ಆದರೆ ಹಳೆಯ ಟೈರು ಹಿಡಿದು ನಿಂತವನಿಗೆ “ಇದನ್ನು ಒಪ್ಪಿಸಲು ಇಷ್ಟು ಹಣ ಕೊಡು” ಎಂದರೆ ಅವನು ಏನು ಮಾಡುತ್ತಾನೆ? ಪ್ರಾಮಾಣಿಕನಾದವನು ಕೊಡುತ್ತಾನೆ. ಉಳಿದವನು ಕತ್ತಲಾದ ಮೇಲೆ ಹಳ್ಳದ ಬದಿಗೆ ಉರುಳಿಸಿ ಬರುತ್ತಾನೆ. ಒಳ್ಳೆಯವನಿಗೆ ದಂಡ, ಕೆಟ್ಟವನಿಗೆ ಲಾಭ.

ಕೊಳ್ಳುವಾಗಲೇ ಪಡೆದುಕೊಂಡರೆ ಈ ಆಸೆಯೇ ಹುಟ್ಟುವುದಿಲ್ಲ. ಹಣ ಹೇಗೂ ಹೋಗಿದೆ. ಟೈರು ಒಪ್ಪಿಸುವುದು ಪುಕ್ಕಟೆ. ಪುಕ್ಕಟೆ ಒಪ್ಪಿಸಬಹುದಾದದ್ದನ್ನು ಹಳ್ಳಕ್ಕೆ ಎಸೆಯುವ ಶ್ರಮ ಯಾರಿಗೆ ಬೇಕು? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಮೊದಲು 1990ರಲ್ಲಿ ಅಂಗಡಿಯಲ್ಲಿ ಬಿಟ್ಟುಹೋಗುವ ಹಳೆಯ ಟೈರಿನ ಮೇಲೆ 25 ಸೆಂಟಿನ ಶುಲ್ಕ ಹಾಕಿತು. ಆ ಶುಲ್ಕವನ್ನು ಹೊಸ ಟೈರಿನ ಮಾರಾಟಕ್ಕೆ ಬದಲಾಯಿಸುವ ಕಾನೂನು 1996ರಲ್ಲಿ ಆಯಿತು. ಅದು 2001ರಲ್ಲಿ 1 ಡಾಲರ್, 2005ರಲ್ಲಿ 1 ಡಾಲರ್ 75 ಸೆಂಟ್ ಆಯಿತು.

ನಮ್ಮ ಪ್ರಾವಿಡೆಂಟ್ ಫಂಡನ್ನು ನೆನೆಯಿರಿ. ಪಗಾರದ ದಿನವೇ ಮುರಿದುಕೊಳ್ಳುತ್ತಾರೆ. ರಿಟೈರಾದ ದಿನ ಬಂದು ಕಟ್ಟು ಎನ್ನುವುದಿಲ್ಲ. ಮುಪ್ಪಿನ ಖರ್ಚಿಗೆ ದುಡಿಯುವ ಕಾಲದಲ್ಲೇ ತೆಗೆದಿಡಬೇಕೆಂಬ ನ್ಯಾಯ ಟೈರಿಗೂ ಹೊಂದುತ್ತದೆ. ಆದರೆ ಫಂಡಿನಲ್ಲಿ ಇನ್ನೊಂದು ಮಾತೂ ಇದೆ: ಪ್ರತಿಯೊಬ್ಬನಿಗೂ ಬೇರೆ ಖಾತೆಯಿದೆ, ವರ್ಷಕ್ಕೊಮ್ಮೆ ಲೆಕ್ಕ ಬರುತ್ತದೆ. ಲೆಕ್ಕವಿಲ್ಲದೆ ಮುರಿದುಕೊಂಡರೆ ಯಾರೂ ಒಪ್ಪುತ್ತಿರಲಿಲ್ಲ. ಈ ಎರಡನೆಯ ಮಾತನ್ನು ಮರೆತರೆ ಏನಾಗುವುದೆಂಬುದಕ್ಕೆ ಕೆನಡಾ ದೇಶದ ಒಂಟಾರಿಯೊ ಪ್ರಾಂತದ ಕಥೆಯೇ ಸಾಕ್ಷಿ.

ಒಂಟಾರಿಯೊ ಕಲಿತ ಪಾಠ

ಒಂಟಾರಿಯೊ ಸರಕಾರವು 1989ರಲ್ಲಿ ಪ್ರತಿ ಹೊಸ ಟೈರಿನ ಮೇಲೆ 5 ಡಾಲರ್ ತೆರಿಗೆ ವಿಧಿಸಿತು. ಹೆಸರು ಪರಿಸರದ್ದು; ಆದರೆ ಹಣ ಹೋದದ್ದು ಸರಕಾರದ ಸಾಮಾನ್ಯ ಬೊಕ್ಕಸಕ್ಕೆ. ಬೊಕ್ಕಸಕ್ಕೆ ಬಿದ್ದ ಡಾಲರಿನ ಮೇಲೆ ‘ಟೈರಿನದು’ ಎಂಬ ಗುರುತು ಉಳಿಯುವುದಿಲ್ಲ.

ತೆರಿಗೆ ಬಂದು ವರ್ಷ ತುಂಬುವ ಮೊದಲೇ, 1990ರ ಫೆಬ್ರವರಿ 12ರಂದು, ಅದೇ ಪ್ರಾಂತದ ಹ್ಯಾಗರ್ಸ್‌ವಿಲ್ ಎಂಬ ಊರಿನ ಬಳಿ ಕೂಡಿಹಾಕಿದ್ದ ಟೈರುಗಳ ರಾಶಿಗೆ ಬೆಂಕಿ ಬಿದ್ದಿತು. ಹಚ್ಚಿದವರು ಹುಡುಗರು. ಅಲ್ಲಿದ್ದ ಟೈರುಗಳು ಒಂದು ಕೋಟಿಗೂ ಮೀರಿದ್ದವು. ಬೆಂಕಿ 17 ದಿನ ಉರಿಯಿತು. ಸುತ್ತಲಿನ ಒಕ್ಕಲಿನವರು ಮನೆಮಠ ಬಿಟ್ಟು ಹೋಗಬೇಕಾಯಿತು. ಟೈರಿನ ಎಣ್ಣೆ ನೆಲದೊಳಕ್ಕೆ ಇಳಿಯಿತು. ಆಮೇಲೆ ಅದನ್ನೆಲ್ಲ ಶುಚಿ ಮಾಡುವ ಖರ್ಚು ಬಂದದ್ದು ಸಾರ್ವಜನಿಕರ ಹಣದಿಂದಲೇ.

ಟೈರಿಗೆಂದು ಕೊಟ್ಟ ಹಣ ಟೈರಿಗೆ ಪೂರ್ತಿ ಸೇರುತ್ತಿಲ್ಲವೆಂಬ ಅಸಮಾಧಾನ ಜನರಲ್ಲಿ ಬೆಳೆಯಿತು. 1993ರಲ್ಲಿ ತೆರಿಗೆಯನ್ನು ತೆಗೆದುಹಾಕಿದರು. ತೆರಿಗೆ ಹೋಯಿತು, ಟೈರು ಹೋಗಲಿಲ್ಲ. ಮುಂದೆ 16 ವರ್ಷ ಹಳೆಯ ಟೈರು ಪಡೆಯಲು ಅಂಗಡಿಗಳು ತಮತಮಗೆ ತೋಚಿದಂತೆ ಹಣ ಕೇಳುತ್ತಿದ್ದವು.

2009ರ ಸೆಪ್ಟೆಂಬರ್ 1ರಿಂದ ಹೊಸ ಏರ್ಪಾಡು ಬಂದಿತು. ಈ ಸಲ ಹಣ ಸರಕಾರದ ಬೊಕ್ಕಸಕ್ಕೆ ಹೋಗಲಿಲ್ಲ. ಟೈರು ಉದ್ಯಮದವರೇ ನಡೆಸುವ, ಲಾಭವಿಲ್ಲದ ಒಂದು ಸಂಸ್ಥೆಗೆ ಹೋಯಿತು. ಕಾರಿನ ಟೈರಿಗೆ 5 ಡಾಲರ್ 84 ಸೆಂಟ್. ಲಾರಿಯ ಟೈರಿಗೆ 14 ಡಾಲರ್ 65 ಸೆಂಟ್. ಕಾನೂನಿನ ಪ್ರಕಾರ ಇದನ್ನು ಕಟ್ಟಬೇಕಾದವರು ಟೈರು ಮಾಡುವವರು ಮತ್ತು ಆಮದು ಮಾಡುವವರು. ಅವರು ಅಂಗಡಿಗೆ ದಾಟಿಸಿದರು, ಅಂಗಡಿಯವರು ಗಿರಾಕಿಗೆ ದಾಟಿಸಿದರು. ಆದರೆ ಹಣದ ಹಾದಿ ಈಗ ಗೊತ್ತಿತ್ತು. ಹಳೆಯ ಟೈರು ಪಡೆದುಕೊಳ್ಳುವವನಿಗೆ ಇಷ್ಟು, ಸಾಗಿಸುವವನಿಗೆ ಇಷ್ಟು, ಪುಡಿ ಮಾಡುವವನಿಗೆ ಇಷ್ಟು, ಆ ಪುಡಿಯಿಂದ ಹೊಸ ವಸ್ತು ಮಾಡುವವನಿಗೆ ಇಷ್ಟು ಎಂದು ಹಂಚಿಕೆಯಾಗುತ್ತಿತ್ತು. ಜನರು ತಮ್ಮ ಹಳೆಯ ಟೈರನ್ನು ಪುಕ್ಕಟೆ ಒಪ್ಪಿಸಬಹುದಾಗಿತ್ತು. ಹಿಂದೆ ಬಿದ್ದಿದ್ದ ರಾಶಿಗಳನ್ನು ತೆರವು ಮಾಡುವುದೂ ಈ ಏರ್ಪಾಡಿನಲ್ಲಿ ಸೇರಿತ್ತು.

ಅದೂ ಕೊನೆಯ ಮಾತಾಗಲಿಲ್ಲ. ಎಲ್ಲರ ಪರವಾಗಿ ಒಂದೇ ಸಂಸ್ಥೆ ದರ ಗೊತ್ತುಮಾಡಿದರೆ ಖರ್ಚು ತಗ್ಗಿಸುವ ಒತ್ತಾಯ ಯಾರ ಮೇಲೂ ಇರುವುದಿಲ್ಲವೆಂಬ ವಾದ ಎದ್ದಿತು. 2018ರ ಕೊನೆಗೆ ಅದನ್ನು ನಿಲ್ಲಿಸಿ, 2019ರ ಜನವರಿ 1ರಿಂದ ಪ್ರತಿಯೊಬ್ಬ ತಯಾರಕನೂ ತನ್ನ ಪಾಲಿನ ಟೈರಿಗೆ ತಾನೇ ಜವಾಬ್ದಾರನೆಂಬ ಪದ್ಧತಿ ತಂದರು. ಮಾಡುವ ಕೆಲಸ ಕಾನೂನಿನಿಂದ ನಿಗದಿ. ಹೇಗೆ ಮಾಡಬೇಕು, ಎಷ್ಟು ಖರ್ಚಿನಲ್ಲಿ ಮಾಡಬೇಕು ಎಂಬುದು ಅವರವರ ಪಾಡು. ಬಿಲ್ಲಿನಲ್ಲಿ ಬೇರೆ ಸಾಲು ಬರೆಯುವುದೂ ಬಿಡುವುದೂ ವ್ಯಾಪಾರಿಗೆ ಬಿಟ್ಟದ್ದು.

ಮೂವತ್ತು ವರ್ಷಗಳಲ್ಲಿ ಮೂರು ಪದ್ಧತಿ. ಮೂರರಲ್ಲಿಯೂ ಕೊನೆಗೆ ತೆತ್ತವನು ಗಿರಾಕಿಯೇ. ಭೇದವಿರುವುದು ತೆತ್ತ ಹಣ ಹಳೆಯ ಟೈರನ್ನು ಹೋಗಿ ಮುಟ್ಟಿತೇ ಇಲ್ಲವೇ ಎಂಬುದರಲ್ಲಿ.

ನಮ್ಮ ದೇಶದ ಏರ್ಪಾಡು

ನಮ್ಮ ಕೇಂದ್ರ ಸರಕಾರವು 2022ರ ಜುಲೈ 21ರಂದು ಅಪಾಯಕಾರಿ ತ್ಯಾಜ್ಯಗಳ ನಿಯಮಗಳಿಗೆ ತಿದ್ದುಪಡಿ ತಂದು ಹಳೆಯ ಟೈರುಗಳಿಗಾಗಿಯೇ ಒಂದು ಭಾಗವನ್ನು ಸೇರಿಸಿತು. ಒಂಟಾರಿಯೊದ ಮೂರನೆಯ ಪದ್ಧತಿಗೆ ಇದು ಹತ್ತಿರದ್ದು. ತಯಾರಕರ ವಿಸ್ತೃತ ಹೊಣೆಗಾರಿಕೆ ಎಂದು ಇದರ ಹೆಸರು. ಹೊಸ ಟೈರು ಮಾಡುವವರು, ಹೊಸ ಟೈರನ್ನಾಗಲಿ ಟೈರು ಹಾಕಿದ ವಾಹನವನ್ನಾಗಲಿ ಆಮದು ಮಾಡುವವರು ಇದಕ್ಕೆ ಒಳಪಡುತ್ತಾರೆ.

ಇದು ನಡೆಯುವ ರೀತಿ ಹೀಗೆ. ಟೈರನ್ನು ಸರಿಯಾಗಿ ಸಂಸ್ಕರಿಸುವ ಕಾರಖಾನೆಯು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಅದು ಟೈರಿನಿಂದ ಮರುಬಳಕೆಯ ರಬ್ಬರನ್ನೋ, ರಸ್ತೆಯ ಡಾಂಬರಿಗೆ ಬೆರೆಸುವ ರಬ್ಬರು ಪುಡಿಯನ್ನೋ ತಯಾರಿಸಿದ ತೂಕಕ್ಕೆ ತಕ್ಕಂತೆ ಅದಕ್ಕೆ ಪ್ರಮಾಣಪತ್ರ ದೊರೆಯುತ್ತದೆ. ಹೊಸ ಟೈರಿನ ಕಂಪನಿಯು ತನ್ನ ಹೊಣೆ ತೀರಿಸಲು ಆ ಪ್ರಮಾಣಪತ್ರವನ್ನು ಹಣ ಕೊಟ್ಟು ಕೊಳ್ಳಬೇಕು. 2020-21ರಲ್ಲಿ ಮಾಡಿದ ಅಥವಾ ತಂದ ಟೈರಿನ ಶೇಕಡಾ 35ರಷ್ಟಕ್ಕೆ 2022-23ರಲ್ಲಿ, 2021-22ರ ಶೇಕಡಾ 70ರಷ್ಟಕ್ಕೆ 2023-24ರಲ್ಲಿ, 2022-23ರ ಪೂರ್ತಿ ಪ್ರಮಾಣಕ್ಕೆ 2024-25ರಲ್ಲಿ ಹೊಣೆ ತೀರಿಸಬೇಕೆಂದು ಮೆಟ್ಟಿಲು ಮೆಟ್ಟಿಲಾಗಿ ಗುರಿ ಇಟ್ಟರು. ಎಣ್ಣೆ ಅಥವಾ ಮಸಿ ತೆಗೆಯಲೆಂದು ಪರದೇಶದ ಹಳೆಯ ಟೈರು ತರಿಸುವುದನ್ನು ನಿಷೇಧಿಸಿದರು.

ಇದರ ಗುಟ್ಟು ನಮ್ಮ ಗುಜರಿ ಅಂಗಡಿಯಲ್ಲಿದೆ. ಪ್ರಾಮಾಣಿಕ ಕಾರಖಾನೆಯವನಿಗೆ ಪ್ರಮಾಣಪತ್ರದಿಂದ ಎರಡು ಕಾಸು ಹೆಚ್ಚು ಬಂದರೆ, ಆ ಎರಡು ಕಾಸನ್ನು ಅವನು ಹಳೆಯ ಟೈರಿನ ಬೆಲೆಗೆ ಸೇರಿಸಬಲ್ಲ. ಆಗ ಸುಡುವವನಿಗಿಂತ ಹೆಚ್ಚು ಬೆಲೆ ಇವನೇ ಕೊಟ್ಟಾನು. ಟೈರು ತಾನಾಗಿ ಇವನ ಬಾಗಿಲಿಗೆ ಬಂದೀತು. ಪೊಲೀಸರ ಲಾಠಿಗಿಂತ ಗುಜರಿಯವನ ತಕ್ಕಡಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಹೊಣೆ ತೀರಿಸದವರು ಪರಿಸರ ಪರಿಹಾರ ಕಟ್ಟಬೇಕು. ಈ ಹಣವನ್ನು ಮಂಡಲಿಯು ಬೇರೆ ಖಾತೆಯಲ್ಲಿ ಇಟ್ಟು ಹಳೆಯ ಟೈರಿನ ಕೆಲಸಕ್ಕೇ ಉಪಯೋಗಿಸಬೇಕೆಂದು ನಿಯಮದಲ್ಲೇ ಬರೆದಿದೆ. ಒಂಟಾರಿಯೊ 1989ರಲ್ಲಿ ಬಿಟ್ಟದ್ದು ಈ ಒಂದು ಸಾಲನ್ನು.

ಹಾಗೆಂದು ಎಲ್ಲವೂ ಸುಸೂತ್ರವೆಂದು ತಿಳಿಯಬಾರದು. ಪ್ಲಾಸ್ಟಿಕ್ಕಿನ ವಿಷಯದಲ್ಲಿಯೂ ಇಂಥದೇ ಪ್ರಮಾಣಪತ್ರಗಳಿವೆ. 2023ರಲ್ಲಿ ಮಂಡಲಿಯು ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ಸುಳ್ಳು ಪ್ರಮಾಣಪತ್ರಗಳು ಸಿಕ್ಕಿದವು; ಅವನ್ನು ಹುಟ್ಟಿಸಿದ ಘಟಕಗಳು ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳಲ್ಲಿದ್ದವು. ಸರಕೇ ಇಲ್ಲದೆ ಪಾವತಿ ಬರೆಯುವ ಈ ಹಳೆಯ ಮೋಸ ಗುಮಾಸ್ತರಾದ ನಮಗೆ ಗೊತ್ತಿಲ್ಲದ್ದಲ್ಲ. ಸುಳ್ಳು ಪತ್ರವನ್ನು ಕಂಪನಿ ಕೊಂಡರೂ ಅದರ ಬೆಲೆ ಕೊನೆಗೆ ನಮ್ಮ ಟೈರಿನ ಬೆಲೆಯಲ್ಲೇ ಸೇರುತ್ತದೆ. ಟೈರು ಮಾತ್ರ ಎಂದಿನಂತೆ ಸುಡುತ್ತದೆ. ಆಗ ನಾವು ಎರಡು ಸಲ ತೆತ್ತಂತಾಯಿತು—ಒಮ್ಮೆ ಜೇಬಿನಿಂದ, ಒಮ್ಮೆ ಶ್ವಾಸಕೋಶದಿಂದ.

ಕಾಣುವ ಸಾಲೋ, ಕಾಣದ ಸಾಲೋ?

ಈ ಖರ್ಚು ಬಿಲ್ಲಿನಲ್ಲಿ ಬೇರೆ ಕಾಣಬೇಕೇ ಎಂಬುದರಲ್ಲಿ ಎರಡು ಪಕ್ಷಗಳಿವೆ. ಕಾಣದಿರಲಿ ಎನ್ನುವವರ ವಾದವೂ ಸುಳ್ಳಲ್ಲ: ಬೇರೆ ಸಾಲು ಬರೆದರೆ ಕಂಪನಿಯವನು ‘ಇದು ನನ್ನದಲ್ಲ, ನಿನ್ನದು’ ಎಂದು ಕೈತೊಳೆದುಕೊಳ್ಳುತ್ತಾನೆ, ಬೆಲೆಯೊಳಗೆ ಸೇರಿದ್ದರೆ ಖರ್ಚು ತಗ್ಗಿಸಲು, ಬಾಳಿಕೆಯ ಟೈರು ಮಾಡಲು ಅವನೇ ದುಡಿಯಬೇಕಾಗುತ್ತದೆ. ಕಾಣಲಿ ಎನ್ನುವವರು ಹೇಳುವುದು, ಕಂಡದ್ದನ್ನು ಮಾತ್ರ ಜನ ಪ್ರಶ್ನಿಸಬಲ್ಲರು ಎಂದು. ನ್ಯೂಜಿಲೆಂಡ್ 2024ರ ಮಾರ್ಚ್ 1ರಿಂದ ಕಾರಿನ ಟೈರಿಗೆ 6 ಡಾಲರ್ 65 ಸೆಂಟ್ ಶುಲ್ಕ ಗೊತ್ತುಮಾಡಿ ಜಾಹೀರು ಮಾಡಿದೆ. ಐರ್ಲೆಂಡಿನಲ್ಲಿ 2017ರ ಅಕ್ಟೋಬರಿನಿಂದ ಕಾರಿನ ಟೈರಿಗೆ 2 ಯೂರೋ 80 ಸೆಂಟ್ ಎಂದು ತೋರಿಸಿ ಪಡೆಯುವ ಪದ್ಧತಿ ಬಂದಿತು. ನಮ್ಮ ಅಭಿಪ್ರಾಯ ಕೇಳುವುದಾದರೆ, ಸಾಲು ಬಿಲ್ಲಿನಲ್ಲಿ ಇರಲಿ ಇಲ್ಲದಿರಲಿ, ಲೆಕ್ಕ ಮಾತ್ರ ಎಲ್ಲರಿಗೂ ಕಾಣುವಂತಿರಬೇಕು.

ಇನ್ನೊಂದು ನೋವಿನ ಮಾತನ್ನೂ ಹೇಳದೆ ಬಿಡುವಂತಿಲ್ಲ. ಸ್ವಂತ ಕಾರಿನ ಧಣಿಗೆ ಒಂದು ಜೊತೆ ಟೈರು ಅನೇಕ ವರ್ಷ ಬರುತ್ತದೆ. ದಿನವಿಡೀ ಓಡುವ ರಿಕ್ಷಾದವನಿಗೆ ಹಾಗೆ ಬರುವುದಿಲ್ಲ. ಬೆಲೆ ಏರಿದಾಗ ಧಣಿ ಒಮ್ಮೆ ಕೊಟ್ಟರೆ ರಿಕ್ಷಾದವನು ಹಲವು ಸಲ ಕೊಡುತ್ತಾನೆ. ಮೀಟರಿನ ದರ ಸರಕಾರದ್ದು, ಅವನು ತಾನಾಗಿ ಏರಿಸಲಾರ. ದರ ಗೊತ್ತುಮಾಡುವ ಕಾಲದಲ್ಲಿ ಪೆಟ್ರೋಲು, ಗ್ಯಾಸಿನ ಲೆಕ್ಕದ ಜೊತೆಗೆ ಟೈರಿನ ಲೆಕ್ಕವನ್ನೂ ಮುಂದಿಡಬೇಕಾದದ್ದು ಅವರ ಸಂಘಗಳ ಕೆಲಸ. ದುಡಿಯುವವನ ಮೇಲೆ ಭಾರ ಹಾಕಿ ನೆಲ ನೀರು ಶುದ್ಧ ಮಾಡಿದೆವೆಂದರೆ ಅದು ಅರ್ಧ ಧರ್ಮ.

ನಾವು ಮಾಡಬಹುದಾದದ್ದು

ಟೈರಿನಲ್ಲಿ ಗಾಳಿ ಸರಿಯಾಗಿರಲಿ. ಗಾಳಿ ಕಡಿಮೆಯಾದ ಟೈರು ಬೇಗ ಸವೆಯುತ್ತದೆ, ಇಂಧನವನ್ನೂ ತಿನ್ನುತ್ತದೆ. ಟೈರು ಬದಲಾಯಿಸಿದಾಗ ಹಳೆಯದನ್ನು ಮನೆಗೆ ತರಬೇಡಿರಿ. ಅಂಗಡಿಯಲ್ಲೇ ಬಿಡುವುದಾದರೆ ‘ಇದು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿರಿ. ಹತ್ತು ಜನ ಕೇಳಿದರೆ ಅಂಗಡಿಯವನೂ ತಾನು ಮಾರುವವನನ್ನು ಕೇಳತೊಡಗುತ್ತಾನೆ. ಮಾಡಿನ ಮೇಲೆ, ಮೆಟ್ಟಿಲ ಕೆಳಗೆ, ಚಾಳಿನ ಹಿಂದೆ ಬಿದ್ದಿರುವ ಟೈರುಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆಸಿರಿ. ಭಾರಕ್ಕೆ ಬೇಕೇ ಬೇಕೆಂದರೆ ಕಲ್ಲು ಇಡಿರಿ, ಕಲ್ಲಿನ ಹೊಟ್ಟೆಯಲ್ಲಿ ನೀರು ನಿಲ್ಲುವುದಿಲ್ಲ. ಚಳಿಗಾಲದ ರಾತ್ರಿ ಮೈ ಕಾಯಿಸಲು ಟೈರಿಗೆ ಬೆಂಕಿ ಹಚ್ಚುವ ಅಭ್ಯಾಸವನ್ನು ಬಿಡಬೇಕು; ಆ ಬೆಂಕಿಯ ಸುತ್ತ ಕುಳಿತವರೇ ಮೊದಲು ಅದರ ಹೊಗೆ ಕುಡಿಯುವವರು.

ನಾಳೆ ನಮ್ಮ ಬಿಲ್ಲಿನಲ್ಲಿಯೂ ‘ಹಳೆಯ ಟೈರಿನ ಶುಲ್ಕ’ ಎಂಬ ಸಾಲು ಬಂದರೆ ಸಿಟ್ಟಾಗುವ ಮೊದಲು ಮೂರು ಪ್ರಶ್ನೆ ಕೇಳೋಣ. ಹಣ ಯಾವ ಖಾತೆಗೆ ಜಮೆಯಾಯಿತು? ಆ ಖಾತೆಯಿಂದ ಟೈರಿಗೆ ಎಷ್ಟು ಖರ್ಚಾಯಿತು? ವರ್ಷದ ಕೊನೆಗೆ ಲೆಕ್ಕವನ್ನು ಯಾರು ತಪಾಸಣೆ ಮಾಡಿದರು? ಮೂರಕ್ಕೂ ಸರಿಯಾದ ಉತ್ತರ ಬಂದರೆ ಸಂತೋಷದಿಂದ ಕೊಡೋಣ, ಏಕೆಂದರೆ ಆ ಹಣ ನಮ್ಮ ಮಕ್ಕಳ ಉಸಿರಿಗೆ ಕಟ್ಟಿದ ಕಂತು. ಉತ್ತರ ಬಾರದಿದ್ದರೆ ಕೇಳುತ್ತಲೇ ಇರೋಣ. ಕೂಲಿಯ ಚೀಟಿಯಲ್ಲಿ ಒಂದು ರೂಪಾಯಿ ಹೆಚ್ಚು ಮುರಿದರೆ ಲೆಕ್ಕದ ಕೋಣೆಯ ಕಿಟಕಿಗೆ ಬಂದು ಕೇಳುವವರು ನಾವು. ಇಲ್ಲಿಯೂ ಅಷ್ಟೇ ನಿಷ್ಠುರವಾಗಿ ಕೇಳಲು ಅಂಜಬೇಕಾಗಿಲ್ಲ.